ಬೇಟೆ ಹೂಜಿ

ಚಿನ್ನು ತವರಿಗೆ ಬಂದಾಗ ಮನೆಯವರೆಲ್ಲ ಬೆಳಗಿನ ರೊಟ್ಟಿಗೆ ಕೂತಿದ್ದರು. ಎಡಗೈಗೆ ದುಪಟ್ಟಾ ಸುತ್ತಿಕೊಂಡು, ಬಲಗೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ಒಳಗೆ ಬಂದವಳು, ಯಾರ ಮುಖವನ್ನೂ ನೋಡದೆ ಗೋಡೆಗೊರಗಿ ಕೂತುಬಿಟ್ಟಳು.

"ಒಬ್ಬಳೇ ಬಂದೆಯಾ? ಅಳಿಯಂದಿರು ಎಲ್ಲಿ?" ಅಪ್ಪ ಕೇಳಿದ.

ಅಮ್ಮ ಎದ್ದು ಹೋಗಿ ದುಪಟ್ಟಾ ಬಿಚ್ಚಿದಳು. ಮೂರು ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿಕೊಂಡಿದ್ದವು. ಕಿರುಬೆರಳು ಹೊರಳಬಾರದ ಕಡೆಗೆ ಹೊರಳಿತ್ತು.

"ಏನೇ ಇದು?"

"ಬಾಗಿಲಿಗೆ ಸಿಕ್ತು."

"ತಾನಾಗೇ ಸಿಕ್ತಾ?"

"ಇಲ್ಲ. ಅವರು ನನ್ನ ಕೈ ಹಿಡಿದು ಬಾಗಿಲ ಸಂದಿಯಲ್ಲಿಟ್ಟರು. ಆಮೇಲೆ ಬಾಗಿಲು ಹಾಕಿದರು."

"ಯಾಕೆ?" ಅಂದ ಗುಂಡ. ಗುಂಡ ಅವಳ ತಮ್ಮ. ಕಡ್ಡಿಯಂತಿದ್ದ ಅವನಿಗೆ ಯಾರೋ ಚಿಕ್ಕಂದಿನಲ್ಲಿ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಚಿನ್ನುವಿನ ಹೆಸರೂ ಹಾಗೇ. ಬೆಳ್ಳಿ ಕೆಲಸದ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿದಾಗ, "ಬೆಳ್ಳಿ ಬೇಕಾದಷ್ಟಿದೆ, ಚಿನ್ನ ಇದೊಂದೇ" ಅಂತ ತಾತ ತಮಾಷೆ ಮಾಡಿದ್ದ.

"ಹೂಜಿ ಬೇಕಂತೆ. ಅದರ ಜೊತೆಯದ್ದು ಅವರಿಗೆ ಸಿಕ್ಕಿದೆ. ಜೋಡಿ ಆದರೆ ಮಾತ್ರ ಗಿರಾಕಿ ತಗೊಳ್ತಾನಂತೆ. ನನ್ನಿಂದ ಆಗಲ್ಲ, ತಾತ ಕೊಡಲ್ಲ ಅಂದೆ."

ತಾತ ಬಾಯಿಗೆ ಒಯ್ಯುತ್ತಿದ್ದ ತುತ್ತು ಕೆಳಗಿಳಿಸಿದ. "ಜೊತೆಯದ್ದು ಸಿಕ್ಕಿದೆಯಾ? ಎಲ್ಲಿ ಸಿಕ್ತಂತೆ?"

ಮೊಮ್ಮಗಳ ಬೆರಳನ್ನು ಅವನು ನೋಡಿದ್ದು ಆಮೇಲೆ.

ಬೀದಿಯಲ್ಲಿ ಅವನನ್ನು ಅರಮನೆ ತಾತ ಅನ್ನುತ್ತಿದ್ದರು. ಅವನ ತಾತ ಅರಮನೆಗೆ ಬೆಳ್ಳಿ ಕೆಲಸ ಮಾಡಿಕೊಡುತ್ತಿದ್ದವನು. ರಾಜ ತನ್ನ ಬೇಟೆಯ ನೆನಪಿಗೆ ಅವನ ಕೈಯಲ್ಲಿ ಎರಡು ಹೂಜಿ ಮಾಡಿಸಿದ್ದ. ಅದರಲ್ಲಿ ಒಂದು ಈ ಮನೆಯ ಕಬ್ಬಿಣದ ಬೀರುವಿನಲ್ಲಿತ್ತು. ಮೊಳದೆತ್ತರದ ಹೂಜಿ, ಹಾವು ಸುತ್ತಿಕೊಂಡಂಥ ಹಿಡಿ, ತಳದಲ್ಲಿ ಅರಮನೆಯ ಮುದ್ರೆ. ಹೊಟ್ಟೆಯ ಸುತ್ತ ಉಬ್ಬು ಕೆಲಸ: ಆನೆ, ಅಂಬಾರಿ, ಬಂದೂಕು ಗುರಿಯಿಟ್ಟ ರಾಜ, ನಾಯಿ, ತಮಟೆ ಬಡಿದು ಕಾಡು ಸೋವುವ ಜನ. ಹುಲಿ ಮಾತ್ರ ಇರಲಿಲ್ಲ. ಅದು ಇನ್ನೊಂದು ಹೂಜಿಯ ಮೇಲಿದೆ, ರಾಜನ ಕಾಲ ಕೆಳಗೆ ಸತ್ತುಬಿದ್ದಿದೆ ಅಂತ ತಾತ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವುದೇನೋ ಹೇಳುತ್ತಿದ್ದ, ಆ ಹೂಜಿಯನ್ನು ಅವನೂ ಕಂಡವನಲ್ಲ.

ಅಳಿಯನದು ಹಳೆಯ ಸಾಮಾನಿನ ವ್ಯಾಪಾರ. ಅವನು ಚಿನ್ನುವನ್ನು ನೋಡಲು ಬಂದ ದಿನ ಹೂಜಿಯನ್ನೇ ಹೆಚ್ಚು ಹೊತ್ತು ನೋಡಿದ ಅಂತ ಅಮ್ಮ ಆಗಲೇ ಹೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಎರಡು ದಿನ ಇದ್ದು ಹೋಗು," ಅಂದ ಅಪ್ಪ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ಬೆರಳು ಮುರಿಯೋ ತನಕ ಅನ್ನು," ಅಂದ ಗುಂಡ.

ಅಪ್ಪನ ಕೈ ಹಾರಿದ್ದು ಯಾರಿಗೂ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಗುಂಡನ ತುಟಿಯಿಂದ ರಕ್ತ ಇಳಿದು ರೊಟ್ಟಿಯ ಮೇಲೆ ಬಿತ್ತು. ಇಡೀ ದಿನ ಸುತ್ತಿಗೆ ಹಿಡಿಯುವ ಕೈ ಅದು. ಮನೆಯಲ್ಲಿ ಯಾರಿಗೂ ಅದರ ರುಚಿ ಹೊಸದಲ್ಲ.

"ಮಾವ," ಅಂದಳು ಅಮ್ಮ, ಮಗಳ ಕೈ ಬಿಡದೆ. "ಆ ಹೂಜಿ ಕೊಟ್ಟು ಪೀಡೆ ಕಳ್ಕೊಳ್ಳಿ."

"ಅರಮನೆಯ ಉಡುಗೊರೆ ಅದು. ಈ ಮನೆ ಹೊಸಿಲು ದಾಟಲ್ಲ."

"ಉಡುಗೊರೆಯಂತೆ! ಹಿಡಿ ಸಡಿಲವಾಗಿದೆ ಅಂತ ರಿಪೇರಿಗೆ ಬಂದಿದ್ದು ಅದು. ಅಷ್ಟರಲ್ಲಿ ರಾಜ್ಯ ಹೋಯ್ತು, ಕೇಳೋಕೆ ಯಾರೂ ಬರಲಿಲ್ಲ. ಅತ್ತೆ ಸಾಯೋ ಮುಂಚೆ ನನ್ನ ಹತ್ತಿರ ಎಲ್ಲ ಹೇಳಿದಾರೆ."

ತಾತನ ಪಕ್ಕದಲ್ಲಿ ತಗಡು ಬಡಿಯುವ ಮರದ ಕೊಡತಿ ಇತ್ತು. ಅದನ್ನೆತ್ತಿ ಬೀಸಿ ಎಸೆದ. ಕೊಡತಿ ಅಮ್ಮನ ಹಣೆಗೆ ಬಡಿದು ಕೆಳಗೆ ಉರುಳಿತು. ಅಮ್ಮ ಎರಡೂ ಕೈಯಲ್ಲಿ ಹಣೆ ಹಿಡಿದು ಕೂತಳು, ಬೆರಳ ಸಂದಿಯಲ್ಲಿ ರಕ್ತ ಜಿನುಗಿತು.

"ಸುಮ್ಮನಿರೋಕಾಗಲ್ವಾ ನಿನಗೆ?" ಅಂದ ಅಪ್ಪ. ಅಂದದ್ದು ಅಮ್ಮನಿಗೆ. ಆಮೇಲೆ ಚಹಾ ಮುಗಿಸಿ ಕೆಳಗಿನ ಕೆಲಸದ ಕೋಣೆಗೆ ಇಳಿದುಹೋದ.

ತಾಯಿ ಮಗಳು ಒಟ್ಟಿಗೇ ಆಸ್ಪತ್ರೆಗೆ ಹೋದರು. ಡಾಕ್ಟರು ತಾಯಿಯ ಹಣೆಗೆ ಹೊಲಿಗೆ, ಮಗಳ ಬೆರಳಿಗೆ ಪಟ್ಟಿ ಹಾಕಿ, ಬೆರಳು ಹೀಗೆ ಹೇಗಾಯಿತು ಅಂದರು. ಬಾಗಿಲಿಗೆ ಸಿಕ್ಕಿತು ಅಂದಳು ಅಮ್ಮ.

"ನಿಮ್ಮ ಹಣೆ?"

"ಅದೂ ಬಾಗಿಲೇ."

"ನಿಮ್ಮನೆ ಬಾಗಿಲು ತುಂಬಾ ಕೆಟ್ಟದ್ದು ಕಣಮ್ಮ," ಅಂದರು ಡಾಕ್ಟರು.

ಹೊರಗೆ ಬಂದ ಮೇಲೆ ಇಬ್ಬರಿಗೂ ನಗು ಬಂತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಹೊಲಿಗೆ ಎಳೆದು ನೋಯುವಷ್ಟು ನಕ್ಕರು. ನಗುತ್ತಿದ್ದ ಚಿನ್ನು ಹಾಗೇ ಅಳತೊಡಗಿದಳು. "ಅಮ್ಮ, ನಾನು ವಾಪಸ್ ಹೋಗಲ್ಲ." ಅಮ್ಮ ಅವಳ ತಲೆ ಸವರಿದಳು, ಆಗಲಿ ಅಂತ ಹೇಳಲಿಲ್ಲ.

ವಾರ ಕಳೆಯಿತು. ಚಿನ್ನು ಒಂದೇ ಕೈಯಲ್ಲಿ ಪಾತ್ರೆ ತೊಳೆದಳು, ಬಟ್ಟೆ ಜಾಲಿಸಿದಳು. ಹಿಂಡುವಾಗ ಒಂದು ತುದಿ ಅವಳು, ಇನ್ನೊಂದು ತುದಿ ಗುಂಡ. ಅಪ್ಪ ಮಾತು ಬಿಟ್ಟಿದ್ದ. ತಾತ ಮಾತ್ರ ಆಗಾಗ ಅವಳನ್ನು ಹತ್ತಿರ ಕರೆದು, "ಆ ಇನ್ನೊಂದನ್ನ ನೀನು ನೋಡಿದೆಯಾ? ಹುಲಿ ಹೇಗಿದೆ?" ಅಂತ ಕೇಳುತ್ತಿದ್ದ.

"ಬಟ್ಟೆ ಸುತ್ತಿಟ್ಟಿದ್ದರು ತಾತ. ನನಗೆ ತೋರಿಸಲಿಲ್ಲ."

ಒಂದು ದಿನ ಅಳಿಯ ಹಣ್ಣಿನ ಬುಟ್ಟಿ ಹಿಡಿದು ಬಂದ. ಅವನು ಜೋರಾಗಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು, ತಾತನ ಕಾಲು ಮುಟ್ಟಿ, ಅಪ್ಪನ ಎದುರು ಕೂತ. ಅಪ್ಪ ಊಟ ಹಾಕಿಸಿದ. ಅಮ್ಮ ಬಡಿಸಿದಳು. ಚಿನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

"ಬೇಳೆ ಚೆನ್ನಾಗಿದೆ ಅತ್ತೆ. ನಿಮ್ಮ ಮಗಳಿಗೆ ಈ ಕೈ ಬರಲಿಲ್ಲ."

"ಅವಳ ಕೈ ಏನಾಗಿದೆ ಅಂತ ನಿಮಗೆ ಗೊತ್ತಲ್ಲ," ಅಂದಳು ಅಮ್ಮ.

"ಸಿಟ್ಟಿನಲ್ಲಿ ಏನೋ ಆಗಿಹೋಯ್ತು. ಮನುಷ್ಯನಲ್ಲವಾ ನಾನೂ?" ಅಳಿಯ ತಾತನ ಕಡೆ ತಿರುಗಿದ. "ತಾತ, ಜೋಡಿ ಎತ್ತು ಬೇರೆ ಮಾಡಬಾರದು ಅಂತಾರೆ. ಜೋಡಿ ಹೂಜಿಗೂ ಅದೇ ಮಾತು. ನನ್ನ ಹೂಜಿ ಅಲ್ಲಿ ಒಂಟಿ, ನನ್ನ ಹೆಂಡತಿ ಇಲ್ಲಿ ಒಂಟಿ. ಎರಡನ್ನೂ ಒಟ್ಟಿಗೇ ಕಳಿಸಿಕೊಡಿ."

ಕೆಳಗೆ ಗುಂಡ ನಡೆಸುತ್ತಿದ್ದ ಪಾಲಿಶ್ ಯಂತ್ರದ ಸದ್ದು ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ಗುಂಡ ಮೆಟ್ಟಿಲು ಹತ್ತಿ ಬಂದವನೇ ಅಳಿಯನ ಕೂದಲು ಹಿಡಿದು ಅವನ ಮುಖವನ್ನು ಬೇಳೆಯ ಬಟ್ಟಲಿಗೆ ಅದ್ದಿದ. ಎತ್ತಿ ಮತ್ತೆ ಅದ್ದಿದ. ಬಟ್ಟಲು ಒಡೆಯಿತು. "ತಿನ್ನೋ, ಚೆನ್ನಾಗಿದೆಯಲ್ಲ, ತಿನ್ನು!"

ಅಪ್ಪ ಸೊಂಟದ ಬೆಲ್ಟ್ ಬಿಚ್ಚಿದ. ಅಳಿಯನನ್ನು ಬಿಡಿಸಿದ ಮೇಲೂ ಅವನ ಕೈ ನಿಲ್ಲಲಿಲ್ಲ. ಗುಂಡನ ಬೆನ್ನು, ತೋಳು, ಕಿವಿ, ಎಲ್ಲೆಂದರಲ್ಲಿ ಬಡಿದ. "ಮನೆಗೆ ಬಂದ ಅಳಿಯನ ಮೈ ಮುಟ್ತೀಯಾ? ಮುಟ್ತೀಯಾ?" ಅಮ್ಮ ಅಡ್ಡ ಬಂದಾಗ ಅವಳಿಗೂ ಬಿತ್ತು. ಗುಂಡ ಅಳಲಿಲ್ಲ. ಮೂಲೆಯಲ್ಲಿ ಮುದುಡಿಕೊಂಡು, "ಅಕ್ಕನಿಗೆ ಬಿದ್ದಾಗ ಈ ಬೆಲ್ಟ್ ಎಲ್ಲಿತ್ತಪ್ಪ?" ಅಂದ. ಅದಕ್ಕೂ ಏಟು ಬಿತ್ತು.

ಅಳಿಯ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ. ಹುಬ್ಬು ಸೀಳಿತ್ತು. "ಪರವಾಗಿಲ್ಲ ಮಾವ. ಚಿಕ್ಕವನು," ಅಂತ ಮೆಲ್ಲಗೆ ಹೇಳಿ, ಚಪ್ಪಲಿ ಹಾಕಿಕೊಂಡು ಹೋದ.

ಆ ಮೆಲುದನಿಯ ಅರ್ಥ ಮುಂದಿನ ವಾರ ಗೊತ್ತಾಯಿತು. ಪಾಲಿಶ್ ಪುಡಿ ತರಲು ಹೋದ ಗುಂಡನನ್ನು ಗೋದಾಮಿನ ಹಿಂದಿನ ಓಣಿಯಲ್ಲಿ ಯಾರೋ ಕಬ್ಬಿಣದ ಸರಳಿನಿಂದ ಬಡಿದು ಹಾಕಿದ್ದರು. ಮೊಣಕಾಲು ಚೂರಾಗಿತ್ತು. ಎದುರಿನ ಟೈರ್ ಅಂಗಡಿಯವನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ತಂದ. ಬಡಿಯುವಾಗ ಒಬ್ಬ, "ಬೇಳೆ ಚೆನ್ನಾಗಿದೆಯಾ?" ಅಂತ ಕೇಳಿದನಂತೆ.

ಗುಂಡನನ್ನು ಆಸ್ಪತ್ರೆಗೆ ಸೇರಿಸಿ ಬಂದ ಅಮ್ಮ ಕೈಕಾಲು ಕೂಡ ತೊಳೆಯಲಿಲ್ಲ. ನೇರ ಬೀರುವಿನ ಹತ್ತಿರ ಹೋಗಿ, ಬೀಗಕ್ಕೆ ಸುತ್ತಿಗೆಯ ಏಟು ಹಾಕತೊಡಗಿದಳು. ತಾತ ಎದ್ದು ಬಂದು ಅವಳ ಜಡೆಗೆ ಕೈ ಹಾಕಿದ.

"ನನ್ನ ಹೆಣದ ಮೇಲೆ ಒಯ್ಯಿ!"

"ಮಗಳ ಕೈ ಹೋಯ್ತು, ಮಗನ ಕಾಲು ಹೋಯ್ತು. ಇನ್ನು ಯಾರ ಹೆಣ ಬೇಕು ನಿಮಗೆ? ಬಿಡಿ ಮಾವ!"

ತಾತ ಜಡೆ ಸುತ್ತಿಕೊಂಡು ಅವಳ ತಲೆಯನ್ನು ಬೀರುವಿಗೆ ಗುದ್ದಿದ. ಹಣೆಯ ಹೊಲಿಗೆ ಬಿಟ್ಟುಕೊಂಡಿತು. ಇನ್ನೊಮ್ಮೆ ಗುದ್ದುವಷ್ಟರಲ್ಲಿ ಅಪ್ಪ ಅವನ ಮಣಿಕಟ್ಟು ಹಿಡಿದ. ತಂದೆಯ ಎದುರು ತಲೆ ಎತ್ತಿ ಮಾತಾಡದ ಅಪ್ಪ. ಹಿಡಿದವನು ತಿರುಚಿದ. ಮೂಳೆಯ ಸದ್ದು ಚಿನ್ನುವಿಗೂ ಕೇಳಿತು. ತಾತ ನೆಲದ ಮೇಲೆ ಕುಸಿದು, "ನನ್ನ ಮೇಲೆ ಕೈ ಮಾಡಿದೆಯಾ ಮಗನೇ?" ಅಂದ.

"ನೀನು ಕಲಿಸಿದ್ದೇ," ಅಂದ ಅಪ್ಪ. ಬೀಗ ತಾನೇ ಒಡೆದ, ಹೂಜಿ ತೆಗೆದ, ಅಳಿಯನಿಗೆ ಫೋನು ಮಾಡಿದ. "ಬಂದು ತಗೊಂಡು ಹೋಗಿ. ಎರಡನ್ನೂ."

ಚಿನ್ನು ಅಮ್ಮನ ಹಣೆಗೆ ಬಟ್ಟೆ ಒತ್ತಿ ಹಿಡಿದಿದ್ದಳು. "ಹೂಜಿ ಕೊಡಪ್ಪ. ನಾನು ಹೋಗಲ್ಲ."

"ನೀನು ಹೋಗದೆ ಇದು ನಿಲ್ಲಲ್ಲ. ಮನೇಲಿ ಇನ್ನೊಂದು ಮೂಳೆ ಮುರಿಯೋದು ನನಗೆ ಬೇಡ."

"ನನ್ನ ಮೂಳೆ ಅಲ್ಲಿ ಮುರಿದರೆ ಪರವಾಗಿಲ್ವಾ?"

ಅಪ್ಪ ಒಡೆದ ಬೀಗವನ್ನು ಕಾಲಿನಿಂದ ಮೂಲೆಗೆ ಸರಿಸಿದ.

ಕೆಲವು ದಿನ ಬಿಟ್ಟು ಅಳಿಯ ಬರುವ ಹೊತ್ತಿಗೆ ಗುಂಡ ಆಸ್ಪತ್ರೆಯಿಂದ ಮನೆಗೆ ಬಂದು, ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಮಹಡಿಯ ಮೇಲೆ ಮಲಗಿದ್ದ. ಊಟ ಮುಗಿದಿತ್ತು. ಕೆಳಗಿನ ಕೆಲಸದ ಕೋಣೆಯಲ್ಲಿ, ಒಲೆಯ ಮೇಲೆ ರಾಳದ ಬಾಣಲೆ ಕಪ್ಪಗೆ ಕುದಿಯುತ್ತಿತ್ತು. ಪಾತ್ರೆಯ ಹೊಟ್ಟೆಗೆ ರಾಳ ತುಂಬಿ ಗಟ್ಟಿ ಮಾಡಿಕೊಳ್ಳದೆ ಕೆತ್ತುವ ಚಾಣದ ಏಟು ಹಾಕಿದರೆ ಬೆಳ್ಳಿ ಹರಿಯುತ್ತದೆ. ಅಪ್ಪ ಯಾವುದೋ ಹೂದಾನಿಗೆ ಅಂತ ಕಾಯಿಸುತ್ತಿದ್ದ. ಮುರಿದ ಕೈಗೆ ಜೋಳಿಗೆ ಕಟ್ಟಿಕೊಂಡ ತಾತ ಕುರ್ಚಿಯ ಮೇಲೆ ಕೂತಿದ್ದ.

ಅಳಿಯ ಬಟ್ಟೆ ಬಿಚ್ಚಿ ತನ್ನ ಹೂಜಿಯನ್ನು ಮೇಜಿನ ಮೇಲಿದ್ದ ಹೂಜಿಯ ಪಕ್ಕದಲ್ಲಿಟ್ಟ. ಹಿಡಿಗಳ ಎರಡು ಹಾವು ಎದುರುಬದುರಾದವು. ತಾತ ಎದ್ದು ಬಂದು, ಮುರಿಯದ ಕೈಯಲ್ಲಿ ಅಳಿಯನ ಹೂಜಿಯನ್ನು ಮೆಲ್ಲಗೆ ತಿರುಗಿಸಿದ.

"ಹುಲಿ ಸತ್ತಿಲ್ಲ," ಅಂದ.

ಹುಲಿ ಒಬ್ಬ ತಮಟೆಯವನ ಮೇಲೆ ಬಿದ್ದಿತ್ತು. ಅವನ ಭುಜ ಅದರ ಬಾಯಲ್ಲಿತ್ತು. ಜೊತೆಯವರು ದಿಕ್ಕಾಪಾಲಾಗಿ ಓಡುತ್ತಿದ್ದರು. ಇನ್ನೊಂದು ಮಗ್ಗುಲಲ್ಲಿ ರಾಜನ ಆನೆಯ ಹಿಂಭಾಗ, ಮರಗಳ ನಡುವೆ ಮರೆಯಾಗುತ್ತಿತ್ತು. ಬಿದ್ದವನ ತೆರೆದ ಬಾಯಿಯ ಒಂದೊಂದು ಹಲ್ಲನ್ನೂ ತಾತನ ತಾತ ಬಿಡಿಸಿ ತೋರಿಸಿದ್ದ.

"ರಾಜ ಇದನ್ನ ಮಾಡಿಸಿದನಾ?"

"ಮಾಡಿಸಿದನೋ, ನಿಮ್ಮ ಹಿರಿಯರೇ ಮಾಡಿಟ್ಟರೋ, ಯಾರಿಗೆ ಗೊತ್ತು. ಗಿರಾಕಿಗೆ ಹುಚ್ಚು ಹಿಡಿದಿರೋದು ಇದಕ್ಕೇ," ಅಂದ ಅಳಿಯ. ತಾತ ಇಷ್ಟು ವರ್ಷ ಊರಿಗೆಲ್ಲ ಹೇಳಿದ ಕಥೆಯನ್ನು ಹುಡುಕುವವನಂತೆ ಹೂಜಿಯನ್ನು ಮತ್ತೆ ಮತ್ತೆ ತಿರುಗಿಸಿದ.

ಅಳಿಯ ಹೆಂಡತಿಯ ಕಡೆ ನೋಡಿದ. "ಚೀಲ ತಗೋ."

"ಹೂಜಿ ಒಯ್ಯಿರಿ. ನಾನು ಬರಲ್ಲ."

"ಹೋಗಮ್ಮ," ಅಂದ ಅಪ್ಪ, ನೆಲ ನೋಡುತ್ತ.

"ಬರಲ್ಲ ಅಂದೆ."

ಅಳಿಯ ನಗುತ್ತಲೇ ಬಂದು ಅವಳ ಎಡಗೈ ಹಿಡಿದ. ಪಟ್ಟಿ ಕಟ್ಟಿದ ಮೂರು ಬೆರಳನ್ನೇ ಆರಿಸಿ ಹಿಡಿದು ಹಿಂಡಿದ. ಚಿನ್ನು ಕಿರುಚಿದ್ದು ಬೀದಿಗೆ ಕೇಳಿತು. ಮಹಡಿಯಿಂದ ಗುಂಡ, "ಏನಾಗ್ತಿದೆ? ಅಕ್ಕಾ! ಯಾರಾದರೂ ಹೇಳ್ರೋ!" ಅಂತ ಕೂಗುತ್ತಿದ್ದ. ಅಮ್ಮ ನುಗ್ಗಿ ಬಂದಳು. ಅಳಿಯ ಮೊಣಕೈಯಲ್ಲಿ ತಿವಿದ ಏಟಿಗೆ ಅವಳು ಬೆಳ್ಳಿ ಬಡಿಯುವ ಅಡಿಗಲ್ಲಿನ ಮೇಲೆ ಬಿದ್ದಳು. ಅಪ್ಪ ನಿಂತಲ್ಲೇ ನಿಂತಿದ್ದ.

"ಬಿಡಿ," ಅಂದಳು ಚಿನ್ನು. "ಕೈ ಬಿಡಿ."

ಬಿಡಲಿಲ್ಲ. ಅವಳ ಬಲಗೈಗೆ ಬಾಣಲೆಯ ಸೌಟು ಸಿಕ್ಕಿತು. ಮೊದಲ ಸೌಟು ಅವನ ಮುಂಗೈ ಮೇಲೆ ಬಿತ್ತು. ರಾಳ ಅಂಟಿತೆಂದರೆ ಜಾರುವುದಿಲ್ಲ, ಚರ್ಮದ ಮೇಲೇ ಕುದಿಯುತ್ತದೆ. ಅಳಿಯ ಜೀವನದಲ್ಲಿ ಮೊದಲ ಸಲ ಜೋರಾಗಿ ಅರಚಿದ. ಆದರೂ ಅವಳ ಬೆರಳು ಬಿಡದೆ, ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದ ಕಬ್ಬಿಣದ ಸುತ್ತಿಗೆ ಎತ್ತಿದ. ಅದು ಇಳಿಯುವ ಮುಂಚೆ ಎರಡನೆಯ ಸೌಟು ಅವನ ಕೆನ್ನೆಗೂ ಕತ್ತಿಗೂ ಬಿತ್ತು. ಅವನು ಕೈಯಿಂದ ಮುಖ ಒರೆಸಿಕೊಂಡ. ರಾಳದ ಜೊತೆಗೆ ಚರ್ಮವೂ ಬಂತು. ಸುಟ್ಟ ವಾಸನೆ ಕೋಣೆ ತುಂಬಿತು. ಅವನು ಹೊರಳಾಡುವಾಗ ಮೇಜು ಮಗುಚಿ, ಎರಡು ಹೂಜಿಯೂ ನೆಲಕ್ಕುರುಳಿದವು.

ತಾತ ಹೂಜಿ ಎತ್ತಲು ಬಗ್ಗಲಿಲ್ಲ. ಮೊಮ್ಮಗಳ ಕೈಯಲ್ಲಿದ್ದ ಸೌಟನ್ನೇ ನೋಡುತ್ತಿದ್ದ.

ಪೊಲೀಸರು ಬಂದು, ಯಾರು ಮಾಡಿದ್ದು ಅಂದರು. ಚಿನ್ನು, "ನಾನು," ಅಂದಳು. ಚಪ್ಪಲಿ ಹಾಕಿಕೊಂಡು ಅವರ ಜೊತೆ ಹೋದಳು. ಎರಡೂ ಹೂಜಿಗಳಿಗೆ ಚೀಟಿ ಕಟ್ಟಿ, ಗೋಣಿಯಲ್ಲಿ ಹಾಕಿ ಅವನ್ನೂ ಒಯ್ದರು.

ಅವಳು ಜೈಲಿನಲ್ಲಿದ್ದಾಗ ಮನೆಯ ಒಲೆ ದಿನಕ್ಕೊಂದೇ ಸಲ ಹೊತ್ತುತ್ತಿತ್ತು. ಅಮ್ಮ ಒಂದಿಷ್ಟು ಬೇಯಿಸಿ, ಗುಂಡನಿಗೆ ಹಾಕಿ, ಬುತ್ತಿ ಕಟ್ಟಿಕೊಂಡು ಜೈಲಿಗೆ ಹೊರಟುಬಿಡುತ್ತಿದ್ದಳು. "ನಮಗೆ?" ಅಂತ ಅಪ್ಪ ಒಮ್ಮೆ ಕೇಳಿದ.

"ಕೈ ಇದೆಯಲ್ಲ. ಬರೀ ಹೊಡೆಯೋಕೆ ಕೊಟ್ಟಿದ್ದಾನಾ ದೇವರು?"

ಅಪ್ಪನ ಕೈ ಎದ್ದಿತು. ಅಮ್ಮ ಹಿಂದೆ ಸರಿಯಲಿಲ್ಲ, ಕಣ್ಣೂ ಮುಚ್ಚಲಿಲ್ಲ. "ಹೊಡೀರಿ. ಹೊಡೆದು ನಾಳೆ ಅವಳಿಗೆ ಮುಖ ತೋರಿಸಿ." ಎದ್ದ ಕೈ ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಇಳಿಯಿತು.

ಅಳಿಯ ಆಸ್ಪತ್ರೆಯಿಂದಲೇ ಹೇಳಿ ಕಳಿಸಿದ: ಹೂಜಿ ತನಗೆ ಬರೆದುಕೊಟ್ಟರೆ ರಾಳ ಆಕಸ್ಮಿಕವಾಗಿ ಬಿತ್ತು ಅಂತ ಹೇಳುತ್ತಾನೆ. ಚಿನ್ನುವೂ ಬೆರಳಿನ ಮಾತು, ಗುಂಡನ ಕಾಲಿನ ಮಾತು ಎತ್ತಬಾರದು.

ಈ ಸಲ ತಾತ ಯಾರೂ ಕೇಳದೆ ಒಪ್ಪಿದ. ಅಮ್ಮನ ಜೊತೆ ತಾನೂ ಜೈಲಿಗೆ ಬಂದ. ಕಂಬಿಯ ಆಚೆ ಮೊಮ್ಮಗಳು ಬಂದು ನಿಂತಾಗ, ಅವನೇ ಮೊದಲು ಮಾತೆತ್ತಿದ.

"ಕೊಟ್ಟುಬಿಡ್ತೀನಿ ಚಿನ್ನು. ಹಾಳಾಗಿ ಹೋಗಲಿ ಅದು. ನೀನು ಮನೆಗೆ ಬಾ."

"ಬೇಡ ತಾತ."

"ಯಾಕಮ್ಮ?"

"ನನ್ನ ಬೆರಳು ಮುರಿದ ದಿನ ಕೊಟ್ಟಿದ್ದರೆ ನಿನ್ನ ಕಾಲು ಹಿಡಿದು ಇಸ್ಕೊಳ್ತಿದ್ದೆ. ಗುಂಡನ ಕಾಲು ಮುರಿದ ದಿನ ಕೊಟ್ಟಿದ್ದರೂ ಸರಿ ಅಂತಿದ್ದೆ. ಈಗ ಕೊಟ್ಟರೆ ನಾನು ಬಾಯಿ ಮುಚ್ಕೋಬೇಕು. ನಾನು ಮುಚ್ಚಲ್ಲ."

"ವರ್ಷಗಟ್ಟಲೆ ಒಳಗೆ ಹಾಕಿದರೆ?"

"ಇಲ್ಲಿ ಹೊಡೆಯೋರಿಲ್ಲ ತಾತ," ಅಂದಳು ಚಿನ್ನು. "ನಿದ್ದೆ ಬರುತ್ತೆ."

ತಾತ ಕಂಬಿಗೆ ಹಣೆ ಹಚ್ಚಿ ಅತ್ತ. ಅಮ್ಮ ಅವನನ್ನು ಸಮಾಧಾನ ಮಾಡಲಿಲ್ಲ. ಬುತ್ತಿಯನ್ನು ಪಹರೆಯವಳ ಕೈಗೆ ಕೊಟ್ಟು, "ರೊಟ್ಟಿ ಬಿಸಿ ಇದೆ, ಈಗಲೇ ತಿನ್ನು," ಅಂತ ಮಗಳಿಗೆ ಹೇಳಿದಳು.

ಕೋರ್ಟಿನಲ್ಲಿ ಅಳಿಯ ಕತ್ತಿನ ಸುತ್ತ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಬಂದಿದ್ದ. ಕೆನ್ನೆ ಕರಗಿದ ಮೇಣದಂತಿತ್ತು. ಅವನ ವಕೀಲ ಚಿನ್ನುವನ್ನು ಕೇಳಿದ: "ಈ ಜಗಳವೆಲ್ಲ ಆ ಬೆಲೆಬಾಳುವ ಹೂಜಿಗಾಗಿ, ಅಲ್ಲವಾ?"

"ಅಲ್ಲ. ಹೂಜಿ ಮೇಜಿನ ಮೇಲಿತ್ತು, ಒಯ್ಯಿರಿ ಅಂದೆ. ಅವರು ಹಿಡಿದಿದ್ದು ಹೂಜಿ ಅಲ್ಲ, ನನ್ನ ಕೈ."

"ಒಂದು ಸೌಟು ಸಾಲದೆ ಎರಡನೆಯದು ಯಾಕೆ ಹಾಕಿದಿರಿ?"

"ಒಂದಕ್ಕೆ ಬಿಡಲಿಲ್ಲ. ಸುತ್ತಿಗೆ ಎತ್ತಿದರು."

ಟೈರ್ ಅಂಗಡಿಯವನು ತಾನು ಕಂಡದ್ದನ್ನು ಹೇಳಿದ. ಸರಳು ಹಿಡಿದವರಲ್ಲಿ ಒಬ್ಬನನ್ನು ಅವನು ಗುರುತಿಸಿದ ಮೇಲೆ, ಆ ಮನುಷ್ಯ ತನ್ನನ್ನು ಕಳಿಸಿದ್ದು ಯಾರು ಅಂತ ಬಾಯಿಬಿಟ್ಟ. ತಾತ ಕಟಕಟೆಗೆ ಬಂದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ತಾನು ಎಸೆದ ಕೊಡತಿಯನ್ನೂ ಬಿಡಲಿಲ್ಲ. ಅಪ್ಪನ ಸರದಿ ಬಂದಾಗ, "ಮಗಳ ಕೈ ಹಿಂಡುವಾಗ ನೀವು ಏನು ಮಾಡುತ್ತಿದ್ದಿರಿ?" ಅಂತ ನ್ಯಾಯಾಧೀಶರೇ ಕೇಳಿದರು.

"ನಿಂತಿದ್ದೆ," ಅಂದ ಅಪ್ಪ.

ಜೀವ ಉಳಿಸಿಕೊಳ್ಳಲು ಮಾಡಿದ್ದು ಅಂತ ಚಿನ್ನುವನ್ನು ಬಿಟ್ಟರು. ಬೆರಳಿಗೂ ಕಾಲಿಗೂ ಸೇರಿಸಿ ಅಳಿಯನಿಗೆ ಶಿಕ್ಷೆಯಾಯಿತು. ಹೂಜಿಗಳು ಇನ್ನೂ ಕೋರ್ಟಿನ ಉಗ್ರಾಣದಲ್ಲೇ ಇವೆ. ಅರಮನೆಯ ಕಡೆಯವರು ತಮ್ಮದು ಅಂತ ಅರ್ಜಿ ಹಾಕಿದ್ದಾರೆ. ತಾತ ತನ್ನದು ಅಂತ ಹಾಕಲಿಲ್ಲ.

ಬಿಡುಗಡೆಯ ದಿನ ಅಮ್ಮನೂ ಗುಂಡನೂ ಆಟೋದಲ್ಲಿ ಹೋಗಿ ಅವಳನ್ನು ಕರೆತಂದರು. ಗುಂಡ ಊರುಗೋಲು ಊರುತ್ತ ಇಳಿದ. ಅಕ್ಕಪಕ್ಕದವರು ಕಿಟಕಿಗೆ ಬಂದರು. ಚಿನ್ನುವಿನ ಎರಡು ಬೆರಳು ಮಡಿಚಲು ಬಾರದೆ ಹಾಗೇ ನಿಂತುಬಿಟ್ಟಿದ್ದವು. ಚೀಲವನ್ನು ಆ ಕೈಯಲ್ಲೇ ಹಿಡಿದಿದ್ದಳು.

ಬಾಗಿಲಲ್ಲಿ ಅಪ್ಪ ನಿಂತಿದ್ದ. ಶೇವ್ ಮಾಡಿ, ಒಗೆದ ಶರ್ಟು ಹಾಕಿಕೊಂಡಿದ್ದ. ಅವಳನ್ನು ನೋಡುತ್ತ ಹೊಸಿಲ ತುಂಬ ನಿಂತೇ ಇದ್ದ. ಕೊನೆಗೆ, "ಒಳಗೆ ಬಾಮ್ಮ," ಅಂದ.

"ಅವಳು ಬರ್ತಾಳೆ," ಅಂದಳು ಅಮ್ಮ. "ನೀವು ದಾರಿ ಬಿಡಿ."